ಕಣ್ಣೊಳಗೆ ಎರಡು ಹನಿ ಮದ್ದು

ಉಡುಪಿಯ ಕಡಿಯಾಳಿಯಲ್ಲಿರುವ ನನ್ನ ದೊಡ್ಡಮ್ಮನಿಗೆ ಪೊರೆ ತೆಗೆಸಿದ ನಾಲ್ಕನೆಯ ದಿನ ಕಣ್ಣು ಕೆಂಪಾಗಿ ನೋಯತೊಡಗಿತು. ಹಿಂದಿನ ದಿನ ಕ್ಯಾಲೆಂಡರಿನ ತಿಥಿ ಓದಿದ್ದವರಿಗೆ ಅಂದು ಎದುರಿಗಿದ್ದ ಮಗಳ ಮುಖವೂ ಮಸುಕು. "ಸೋಮವಾರ ತೋರಿಸಲಿಕ್ಕೆ ಹೇಗೂ ಹೋಗಲಿಕ್ಕುಂಟಲ್ಲ" ಎಂದರು. ಮಗಳು ಕೇಳಲಿಲ್ಲ, ಸಂಜೆಯೇ ರಿಕ್ಷಾ ಹತ್ತಿಸಿದಳು. ಕಪ್ಪುಗುಡ್ಡೆಯ ಅಡಿಯಲ್ಲಿ ಕೀವು ಬಿಳಿ ಗೆರೆಯಾಗಿ ನಿಂತಿತ್ತು. ಕಣ್ಣೊಳಗೆ ಸೋಂಕು ತಗಲಿತ್ತು. ಆ ರಾತ್ರಿಯೇ ಕಣ್ಣೊಳಗೆ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟರು. ದೃಷ್ಟಿ ಉಳಿಯಿತು.

ಕೈಗೆ ಡ್ರಿಪ್ ಹಾಕಿದರೆ ಸಾಲದೇ ಎಂದು ಮನೆಯವರೆಲ್ಲ ಕೇಳಿದ್ದರು. ಇದೇ ಪ್ರಶ್ನೆ ವೈದ್ಯರನ್ನೂ ದಶಕಗಳ ಕಾಲ ಕಾಡಿತ್ತು. ಕಣ್ಣುಗುಡ್ಡೆಯನ್ನು ತುಂಬಿರುವ ಲೋಳೆಯಲ್ಲಿ ರಕ್ತನಾಳಗಳೇ ಇಲ್ಲ. ರಕ್ತದಲ್ಲಿ ಹರಿಯುವ ಮದ್ದು ಅಲ್ಲಿಗೆ ಸಾಕಷ್ಟು ದಾಟುವುದಿಲ್ಲ. 1970ರ ದಶಕದಲ್ಲಿ ನೇರವಾಗಿ ಕಣ್ಣೊಳಗೇ ಚುಚ್ಚುವ ಕ್ರಮ ಬಲಗೊಂಡಿತು. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇಂಥದೇ ಸೋಂಕು ತಗಲಿದ 420 ರೋಗಿಗಳನ್ನು ಗಮನಿಸಿ ಗೊಂದಲ ಬಗೆಹರಿಸಿತು: ಎಲ್ಲರಿಗೂ ಕಣ್ಣೊಳಗೆ ಆಂಟಿಬಯಾಟಿಕ್ ಕೊಟ್ಟಿದ್ದರು, ಅದರ ಜೊತೆಗೆ ರಕ್ತನಾಳಕ್ಕೂ ಕೊಟ್ಟವರಿಗೆ ಹೆಚ್ಚಿನ ಲಾಭವಾಗಲಿಲ್ಲ. ಬೆಳಕಿನ ಸುಳಿವಷ್ಟೇ ಕಾಣುವಷ್ಟು ದೃಷ್ಟಿ ಕುಸಿದವರಿಗೆ ಮಾತ್ರ ಆ ಲೋಳೆಯನ್ನು ತಕ್ಷಣ ತೆಗೆಯುವ ಶಸ್ತ್ರಚಿಕಿತ್ಸೆ ಹೆಚ್ಚು ಫಲ ಕೊಟ್ಟಿತು.

ಈಗ ಸಾಮಾನ್ಯವಾಗಿ ಬಳಸುವುದು 1 ಮಿಲಿಗ್ರಾಂ ವ್ಯಾಂಕೊಮೈಸಿನ್, 2.25 ಮಿಲಿಗ್ರಾಂ ಸೆಫ್ಟಾಜಿಡೈಮ್ ಎಂಬ ಎರಡು ಆಂಟಿಬಯಾಟಿಕ್, ತಲಾ 0.1 ಮಿಲಿಲೀಟರ್, ಅಂದರೆ ಸುಮಾರು ಎರಡೆರಡು ಹನಿ. ಹಳೆಯ ಜೆಂಟಾಮೈಸಿನ್ ಅಕ್ಷಿಪಟಲವನ್ನೇ ಸುಡಬಲ್ಲದು ಎಂದು ಅನುಭವದಿಂದ ಕಲಿತ ಮೇಲೆ ಈ ಬದಲಾವಣೆ ಬಂದಿತು.

ಸೋಂಕೇ ತಗಲದಂತೆ ನೋಡಿಕೊಳ್ಳುವ ದಾರಿಯೂ ಕಣ್ಣೊಳಗಿನದೇ. ರೋಗಾಣು ಬಹುಪಾಲು ರೋಗಿಯ ರೆಪ್ಪೆಯಿಂದಲೇ ಬರುತ್ತದೆ. ಅದಕ್ಕಾಗಿ ಶಸ್ತ್ರಚಿಕಿತ್ಸೆಗೆ ಮುನ್ನ ಕಣ್ಣಿನ ಮೇಲ್ಮೈಗೆ ರೋಗಾಣು ಕೊಲ್ಲುವ ಪೊವಿಡೋನ್ ಅಯೋಡಿನ್ ಹಾಕುತ್ತಾರೆ. ಯೂರೋಪಿನಲ್ಲಿ 16,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆಯ ಕೊನೆಗೆ ಕಣ್ಣೊಳಗೆ ಸೆಫುರಾಕ್ಸಿಮ್ ಎಂಬ ಆಂಟಿಬಯಾಟಿಕ್ ಬಿಟ್ಟಾಗ ಅಪಾಯ ಸುಮಾರು ಐದು ಪಟ್ಟು ತಗ್ಗಿತು. ಲಾಭ ಅಷ್ಟು ಸ್ಪಷ್ಟವಾಗಿದ್ದುದರಿಂದ 2006ರಲ್ಲಿ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ನಮ್ಮ ಪಕ್ಕದ ತಮಿಳುನಾಡಿನ ಮದುರೆಯ ಅರವಿಂದ ಕಣ್ಣಾಸ್ಪತ್ರೆಗಳ ಕೆಲಸ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ: 2017ರಲ್ಲಿ ಪ್ರಕಟವಾದ ಆರು ಲಕ್ಷ ಶಸ್ತ್ರಚಿಕಿತ್ಸೆಗಳ ವಿಶ್ಲೇಷಣೆಯಲ್ಲಿ, ಮಾಕ್ಸಿಫ್ಲಾಕ್ಸಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಬಿಟ್ಟ ಮೇಲೆ ಸೋಂಕು 10,000ಕ್ಕೆ 7ರಿಂದ 2ಕ್ಕೆ ಇಳಿದಿತ್ತು. ಬಡವರ ಕಣ್ಣುಗಳಲ್ಲೂ ಸಿಕ್ಕ ಪುರಾವೆ ಅದು.

ಕಳೆದ ತಿಂಗಳು ದೊಡ್ಡಮ್ಮನ ಇನ್ನೊಂದು ಕಣ್ಣಿನ ಸರದಿ. ಮಗಳು ವೈದ್ಯರನ್ನು ಮೊದಲು ಕೇಳಿದ್ದು, "ಕೊನೆಯಲ್ಲಿ ಕಣ್ಣೊಳಗೆ ಆಂಟಿಬಯಾಟಿಕ್ ಬಿಡುತ್ತೀರಲ್ಲ?" ಹೌದೆಂದ ಮೇಲೆಯೇ ದಿನ ಗೊತ್ತುಮಾಡಿದಳು.