ಕಿತ್ತಳೆ ಬೇರೆ, ಚಕ್ಕೋತ ಬೇರೆ: ಮಾತ್ರೆ ನುಂಗುವವರ ಗಮನಕ್ಕೆ

ಕಳೆದ ವಾರ ಹಿರಿಯರೊಬ್ಬರು ನಮ್ಮ ಔಷಧ ಅಂಗಡಿಯ ಕೌಂಟರ್ ಮೇಲೆ ವೈದ್ಯರ ಚೀಟಿಯ ಪಕ್ಕದಲ್ಲೇ ಬಟ್ಟೆಯ ಚೀಲವನ್ನೂ ಇಟ್ಟರು. ಚೀಲದೊಳಗೆ ಎರಡು ದಪ್ಪ ಚಕ್ಕೋತ. ಚೀಟಿಯಲ್ಲಿದ್ದದ್ದು ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್.

"ಈ ಹಣ್ಣು ನೀವೇ ತಿನ್ನುತ್ತೀರಾ ಯಜಮಾನರೇ?" ಎಂದು ಕೇಳಿದೆ.

"ದೇವನಹಳ್ಳಿಯಿಂದ ಮಗಳು ಕಳಿಸಿದ್ದಾಳೆ. ಕಿತ್ತಳೆ ದಿನವೂ ತಿನ್ನುತ್ತೇನಲ್ಲ, ಇದೂ ಅದೇ ಜಾತಿಯದಲ್ಲವೇ?"

ಜಾತಿ ಒಂದೇ, ನಿಜ. ನಿಂಬೆಯ ಕುಲಕ್ಕೆ ಮೂಲವಾದ ಕೆಲವೇ ಹಣ್ಣುಗಳಲ್ಲಿ ಕಿತ್ತಳೆ ಒಂದು, ಚಕ್ಕೋತ ಇನ್ನೊಂದು. ಇವೆರಡರ ಬೆರಕೆಯಿಂದಲೇ ನಮ್ಮ ಮೋಸಂಬಿಯ ವಂಶ ಹುಟ್ಟಿತು. ಆ ವಂಶದ ಹಣ್ಣಿಗೆ ಚಕ್ಕೋತ ಮತ್ತೆ ಬೆರೆತು, 18ನೇ ಶತಮಾನದಲ್ಲಿ ಕೆರಿಬಿಯನ್ನಿನ ಬಾರ್ಬಡೋಸ್ ದ್ವೀಪದಲ್ಲಿ ಗ್ರೇಪ್‌ಫ್ರೂಟ್ ಹುಟ್ಟಿಕೊಂಡಿತು. ಕಿತ್ತಳೆಯ ಸಿಪ್ಪೆ ಬೆರಳು ತಾಗಿದರೆ ಬಿಡಿಸಿಕೊಳ್ಳುತ್ತದೆ. ಚಕ್ಕೋತಕ್ಕೆ ಚಾಕು ಬೇಕು. ಬೆರಳು ದಪ್ಪದ ಬಿಳಿ ಮೆತ್ತೆ ತೆಗೆದು, ಒಂದೊಂದು ತೊಳೆಯ ಕಹಿ ಪೊರೆಯನ್ನೂ ಸುಲಿದ ಮೇಲೆಯೇ ರಸ ಸಿಗುವುದು. ಕಣ್ಣಿಗೆ ಕಾಣುವ ಈ ವ್ಯತ್ಯಾಸಕ್ಕಿಂತ ಕಾಣದ ವ್ಯತ್ಯಾಸ ದೊಡ್ಡದು. ಚಕ್ಕೋತದಲ್ಲೂ ಅದರ ವಂಶದ ಗ್ರೇಪ್‌ಫ್ರೂಟ್‌ನಲ್ಲೂ ಫ್ಯುರಾನೊಕುಮರಿನ್ ಎಂಬ ರಾಸಾಯನಿಕಗಳಿವೆ. ಕಿತ್ತಳೆ, ಮೋಸಂಬಿಗಳಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ.

ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಒಂದು ಸುಂಕದ ಕಟ್ಟೆಯಿದೆ. ಸಿವೈಪಿ3ಎ4 ಎಂಬ ಕಿಣ್ವ ಅಲ್ಲಿ ಕುಳಿತು, ಒಳಹೋಗುವ ಅನೇಕ ಔಷಧಗಳಲ್ಲಿ ಒಂದು ಪಾಲನ್ನು ಮುರಿದುಹಾಕುತ್ತದೆ. ಈ ನಷ್ಟವನ್ನು ಲೆಕ್ಕ ಹಿಡಿದೇ ಮಾತ್ರೆಯ ಪ್ರಮಾಣ ನಿಗದಿಯಾಗಿರುತ್ತದೆ. ಫ್ಯುರಾನೊಕುಮರಿನ್ ಈ ಕಿಣ್ವವನ್ನೇ ಕೆಡಿಸಿಬಿಡುತ್ತದೆ. ಆಗ ನುಂಗಿದ್ದು ಒಂದೇ ಮಾತ್ರೆಯಾದರೂ ರಕ್ತಕ್ಕೆ ಸೇರುವುದು ಅದಕ್ಕಿಂತ ಹೆಚ್ಚು ಮಾತ್ರೆ ನುಂಗಿದಷ್ಟು. ಇದು ಬೆಳಕಿಗೆ ಬಂದದ್ದು ಆಕಸ್ಮಿಕವಾಗಿ. ಕೆನಡಾದಲ್ಲಿ ಡೇವಿಡ್ ಬೈಲಿ ಮತ್ತು ಸಂಗಡಿಗರು ರಕ್ತದೊತ್ತಡದ ಫೆಲೊಡಿಪಿನ್ ಮೇಲೆ ಮದ್ಯದ ಪರಿಣಾಮವನ್ನು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ಮರೆಮಾಚಲು ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ಔಷಧದ ಮಟ್ಟ ನಿರೀಕ್ಷೆ ಮೀರಿ ಏರಿತ್ತು. 1989ರಲ್ಲಿ ಆ ವರದಿ ಪ್ರಕಟವಾಯಿತು.

"ಬೆಳಿಗ್ಗೆ ಮಾತ್ರೆ, ಸಂಜೆ ಹಣ್ಣು ಮಾಡಿದರಾಯಿತಲ್ಲ?" ಎಂದು ನನ್ನನ್ನು ಕೇಳುವವರು ಬಹಳ. ಆಗುವುದಿಲ್ಲ. ಕೆಟ್ಟ ಕಿಣ್ವದ ಜಾಗದಲ್ಲಿ ದೇಹ ಹೊಸದನ್ನೇ ತಯಾರಿಸಬೇಕು. ಅದಕ್ಕೆ ಒಂದರಿಂದ ಮೂರು ದಿನ ಹಿಡಿಯುತ್ತದೆ.

ಹಾಗೆಂದು ಎಲ್ಲ ಮಾತ್ರೆಗೂ ಈ ಭಯವಿಲ್ಲ. ಕೊಲೆಸ್ಟರಾಲ್ ಮಾತ್ರೆಗಳಲ್ಲೇ ನೋಡಿದರೆ, ಸಿಮ್ವಾಸ್ಟಾಟಿನ್‌ಗೆ ತೊಂದರೆ ಹೆಚ್ಚು, ಅಟೊರ್ವಾಸ್ಟಾಟಿನ್‌ಗೆ ಅದಕ್ಕಿಂತ ಕಡಿಮೆ, ರೊಸುವಾಸ್ಟಾಟಿನ್‌ಗೆ ಇಲ್ಲವೆಂದೇ ಹೇಳಬಹುದು. ಚಕ್ಕೋತದಲ್ಲೂ ತಳಿಯಿಂದ ತಳಿಗೆ ಈ ರಾಸಾಯನಿಕದ ಪ್ರಮಾಣ ಬೇರೆ. ಆದರೆ ಮೂತ್ರಪಿಂಡ ಕಸಿ ಮಾಡಿಸಿಕೊಂಡು ಟ್ಯಾಕ್ರೊಲಿಮಸ್ ಅಥವಾ ಸೈಕ್ಲೊಸ್ಪೊರಿನ್ ತೆಗೆದುಕೊಳ್ಳುವವರು ಚಕ್ಕೋತವನ್ನು ಮುಟ್ಟಲೇಬಾರದು. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಹಣ್ಣಿನ ಆಸೆಗೆ ಮಾತ್ರೆ ಬಿಡುವುದಂತೂ ಯಾರಿಗೂ ಸಲ್ಲದು.

ಆ ಹಿರಿಯರು ಅಲ್ಲಿಂದಲೇ ತಮ್ಮ ವೈದ್ಯರಿಗೆ ಫೋನ್ ಮಾಡಿದರು. ಅಪರೂಪಕ್ಕೆ ಒಂದೆರಡು ತೊಳೆ ತಿನ್ನಿ, ದಿನವೂ ಬೇಡ, ಮೈಕೈ ಸ್ನಾಯು ನೋವು ಬಂದರೆ ತಕ್ಷಣ ತಿಳಿಸಿ ಎಂದು ಅವರು ಹೇಳಿದರಂತೆ. ಒಂದು ಹಣ್ಣನ್ನು ನಮ್ಮ ಅಂಗಡಿಯ ಹುಡುಗರಿಗೆ ಕೊಟ್ಟು, ಇನ್ನೊಂದನ್ನು ಮೊಮ್ಮಗನಿಗೆಂದು ಮನೆಗೆ ಒಯ್ದರು.