12 ವರ್ಷದ ವಿಸ್ಕಿ ಬಾಟಲಿಯಲ್ಲೇ 25 ವರ್ಷ ಇದ್ದರೆ ಅದರ ವಯಸ್ಸೆಷ್ಟು?

ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಾ ಪಾನೀಯಗಳ ಪೇಪರಿಗೆ ತಯಾರಾಗುವವರಿಗೆ ಇದು. ಮೇಲಿನ ಪ್ರಶ್ನೆಗೆ ನಾನು ಟೆಸ್ಟಿನಲ್ಲಿ 37 ಎಂದು ಬರೆದು ಬಂದೆ. ಸರಿಯುತ್ತರ 12. ಎರಡು ದಿನ ತಲೆ ಕೆಟ್ಟಿತ್ತು. ಹಾಗಾಗಿ ಇದನ್ನೇ ಮೊದಲು ಬಿಡಿಸುತ್ತೇನೆ.

ವಿಸ್ಕಿ ಮಾಗುವುದು ಓಕ್ ಮರದ ಪೀಪಾಯಿಯಲ್ಲಿ. ಬಣ್ಣ, ವೆನಿಲ್ಲಾ ವಾಸನೆ, ಚೂರು ಒಗರು, ಇವೆಲ್ಲ ಮರ ಕೊಟ್ಟದ್ದು. ಗಾಜಿಗೆ ತುಂಬಿದರೆ ಆ ನಂಟು ಮುಗಿಯಿತು. ನನಗೆ ಇದು ಹೊಳೆದದ್ದು ಶೇಂಗಾ ಹುರಿಯುವಾಗ. 12 ನಿಮಿಷ ಹುರಿದ ಶೇಂಗಾವನ್ನು ಡಬ್ಬಿಗೆ ಹಾಕಿ, ತಿಂಗಳು ಬಿಟ್ಟು ತೆಗೆದರೂ ಅದು 12 ನಿಮಿಷ ಹುರಿದದ್ದೇ, ಅಲ್ವಾ? ಬಾಣಲೆಯೇ ಪೀಪಾಯಿ, ಡಬ್ಬಿಯೇ ಬಾಟಲಿ. ಈಗ 12, 15, 20 ನಿಮಿಷ ಹುರಿದ ಶೇಂಗಾ ಮೂರನ್ನೂ ಕಲಸಿ. ಡಬ್ಬಿಯ ಮೇಲೆ ಏನು ಬರೆಯಬೇಕು? ಸರಾಸರಿ ಅಲ್ಲ, 12. ಸ್ಕಾಚಿನ, ಅಂದರೆ ಸ್ಕಾಟ್ಲೆಂಡಿನ ವಿಸ್ಕಿಯ, ನಿಯಮವೂ ಹೀಗೇ. ಲೇಬಲ್ಲಿನ ವರ್ಷ ಅದರಲ್ಲಿ ಸೇರಿದ ಅತಿ ಎಳೆಯ ವಿಸ್ಕಿಯದು. ಪೀಪಾಯಿಯಲ್ಲಿ 3 ವರ್ಷವಾದರೂ ಇರದಿದ್ದರೆ ಅದಕ್ಕೆ ಸ್ಕಾಚ್ ಎಂಬ ಹೆಸರೇ ಇಲ್ಲ.

ವರ್ಷ ಜಾಸ್ತಿಯಾದಷ್ಟೂ ರುಚಿ ಜಾಸ್ತಿ ಅಂತಲೂ ಇಲ್ಲ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾದರೆ, ಬೆಂಗಳೂರಿನಲ್ಲಿ 10%ರ ಆಸುಪಾಸು. ಬಿಸಿಲೂರಿನಲ್ಲಿ ಮರದ ರುಚಿಯೂ ವಿಸ್ಕಿಯೊಳಗೆ ಬೇಗ ಇಳಿಯುತ್ತದೆ. ವಿಜಯಪುರದ ಏಪ್ರಿಲ್‌ನಲ್ಲಿ ಇಟ್ಟರೆ ದೇವರೇ ಗತಿ.

ವೈನ್ ಲೆಕ್ಕ ಬೇರೆ. ಅದು ಉಪ್ಪಿನಕಾಯಿ ಭರಣಿ ಇದ್ದಂತೆ, ಮುಚ್ಚಿಟ್ಟರೂ ಒಳಗೆ ಬದಲಾಗುತ್ತಲೇ ಇರುತ್ತದೆ. ಲೇಬಲ್ಲಿನ ಇಸವಿ ದ್ರಾಕ್ಷಿ ಕೊಯ್ದ ವರ್ಷ. ಹಳೆಯ ಕೆಂಪು ವೈನಿನ ಒಗರು ಮೆತ್ತಗಾಗುತ್ತದೆ, ಬಣ್ಣ ತೆಳುವಾಗಿ ಇಟ್ಟಂಗಿಯಂತಾಗುತ್ತದೆ, ತಳದಲ್ಲಿ ಗಷ್ಟು ಕೂರುತ್ತದೆ. ಬಿಳಿ ವೈನ್ ಉಲ್ಟಾ, ಬಣ್ಣ ಗಾಢವಾಗುತ್ತದೆ. ಗ್ಲಾಸನ್ನು ಬಿಳಿ ಹಾಳೆಯ ಮೇಲೆ ಓರೆ ಮಾಡಿದರೆ ಗೊತ್ತಾಗುತ್ತದೆ. ವಿಸ್ಕಿಯಲ್ಲಿ ಮಾತ್ರ ಬಣ್ಣ ನಂಬಬೇಡಿ. ಸ್ಕಾಚಿಗೆ ಕ್ಯಾರಮೆಲ್ ಬಣ್ಣ ಬೆರೆಸಲು ಅನುಮತಿ ಇದೆ.

ಇನ್ನು ವಾಸನೆ. ವೈನಿಗೆ ಮಾಡುವಂತೆ ವಿಸ್ಕಿ ಗ್ಲಾಸಿನೊಳಗೆ ಮೂಗು ತೂರಿಸಿದರೆ ಉರಿ ಏಳುತ್ತದೆ. ಗ್ಲಾಸ್ ಗದ್ದದ ಹತ್ತಿರ ಇರಲಿ, ಬಾಯಿ ಸ್ವಲ್ಪ ತೆರೆದಿರಲಿ. ನಾಲ್ಕು ಹನಿ ನೀರು ಹಾಕಿ ಮತ್ತೆ ನೋಡಿ.

ಶೆರ್ರಿ ಎಂಬ ಸ್ಪೇನಿನ ವೈನ್ ಇಟ್ಟಿದ್ದ ಪೀಪಾಯಿಯಲ್ಲಿ ಮಾಗಿದ ವಿಸ್ಕಿಗೆ ‘ಒಣದ್ರಾಕ್ಷಿ ವಾಸನೆ’ ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ. ಇದು ನಮ್ಮೂರಿನದೇ ಅಂತ ವಿಜಯಪುರ ಜಿಲ್ಲೆಯ ತಿಕೋಟಾದ ಕಾಕಾನ ಶೆಡ್ಡಿಗೆ ಹೋಗಿ ಮಣೂಕ, ಅಂದರೆ ನಮ್ಮ ಕಡೆಯ ಒಣದ್ರಾಕ್ಷಿ, ಮೂಸಿ ಬಂದೆ. ಹೊಂದಲಿಲ್ಲ! ನಮ್ಮ ಮಣೂಕ ನೆರಳಲ್ಲಿ ಒಣಗಿದ್ದು, ಹಸಿರು, ಹುಳಿಸಿಹಿ. ಸ್ಪೇನಿನವರು ಸಿಹಿ ಶೆರ್ರಿಗೆ ಪೆದ್ರೊ ಹಿಮೆನೆಸ್ ದ್ರಾಕ್ಷಿಯನ್ನು ನೇರ ಬಿಸಿಲಿಗೆ ಹರವುತ್ತಾರೆ. ಅದು ಕಪ್ಪಾಗಿ, ಬೆಲ್ಲದ ಪಾಕದ ಹತ್ತಿರ ಹೋಗುತ್ತದೆ. ಹಾಗಾಗಿ ಅಭ್ಯಾಸಕ್ಕೆ ಕಪ್ಪು ಒಣದ್ರಾಕ್ಷಿ ತನ್ನಿ. ಹತ್ತು ಕಾಳು ಬಿಸಿನೀರಲ್ಲಿ ನೆನೆಸಿ, ಗ್ಲಾಸಿಗೆ ಹಾಕಿ, ಕಣ್ಣು ಮುಚ್ಚಿ ಮೂಸಿ.