ಪದ ಪರಿಚಯ: ಸಾರ್ವಜನಿಕ ಸಮಾಲೋಚನೆ

‘ಸಾರ್ವಜನಿಕ ಸಮಾಲೋಚನೆ ನಡೆಸಿಯೇ ನಿಲ್ದಾಣದ ಸುತ್ತಲಿನ ವಿನ್ಯಾಸ ಅಂತಿಮಗೊಳಿಸಲಾಗಿದೆ.’ ಮೆಟ್ರೊ, ಉಪನಗರ ರೈಲಿನ ಸುದ್ದಿಗಳಲ್ಲಿ ಈ ಸಾಲು ಈಗ ಮಾಮೂಲು. ಕೆದಕಿದರೆ ಸಿಗುವುದು ಪತ್ರಿಕೆಯ ಒಳಪುಟದ ಪ್ರಕಟಣೆ, ಕಲ್ಯಾಣ ಮಂಟಪದಲ್ಲೊಂದು ಸಭೆ, ಇಲ್ಲವೇ ಒಂದು ಗೂಗಲ್ ಫಾರ್ಮ್. ಪ್ರಕಟಣೆ ನೋಡಿ ಜನ ಸಲ್ಲಿಸಿದ್ದು ಆಕ್ಷೇಪಣೆ, ಸಭೆಯಲ್ಲಿ ಹೇಳಿಕೊಂಡದ್ದು ಅಹವಾಲು, ಫಾರ್ಮ್‌ನಲ್ಲಿ ತುಂಬಿದ್ದು ಅಭಿಪ್ರಾಯ. ಮೂರಕ್ಕೂ ಸಮಾಲೋಚನೆ ಎಂಬ ಹಣೆಪಟ್ಟಿ ಯಾಕೆ?

ಅರಬ್ಬಿಯ ‘ಹಾಲ್’ ಎಂದರೆ ಸ್ಥಿತಿ; ಅದರ ಬಹುವಚನ ‘ಅಹ್ವಾಲ್’. ಪಾರಸಿ ಕಚೇರಿಗಳ ದಾರಿ ಹಿಡಿದು ಕನ್ನಡಕ್ಕೆ ಬಂದು ಅಹವಾಲು ಆಯಿತು. ‘ಹಾಲಿ ಶಾಸಕರು’ ಎನ್ನುವಾಗಿನ ಹಾಲಿಯೂ, ಹಾಲತ್ತೂ ಅದೇ ಬೇರಿನವು. ಅಹವಾಲು ಹೇಳುವವರು ತಮ್ಮ ಸ್ಥಿತಿಗತಿ ತೋಡಿಕೊಳ್ಳುತ್ತಾರೆ. ಎದುರಿನವರು ಕೇಳಿಸಿಕೊಂಡರೆ ಅಲ್ಲಿಗೆ ಮುಗಿಯಿತು. ತಕರಾರು ಇನ್ನೂ ಸೊಗಸು. ಅರಬ್ಬಿಯಲ್ಲಿ ‘ತಕ್ರಾರ್’ ಎಂದರೆ ಪುನರಾವರ್ತನೆ. ಹೇಳಿದ್ದನ್ನೇ ಹೇಳುವವರು ತಕರಾರಿನವರಾದರು. ಮೊದಲ ಸಲಕ್ಕೇ ಉತ್ತರ ಸಿಕ್ಕಿದ್ದರೆ ಎರಡನೆಯ ಸಲ ಹೇಳುತ್ತಿದ್ದರೇ ಎಂದು ಯಾರೂ ಕೇಳಲಿಲ್ಲ. ಸಮಾಲೋಚನೆಯ ಬೇರು ಸಂಸ್ಕೃತದ ‘ಲೋಚ್’, ನೋಡು. ಲೋಚನ ಬಂದದ್ದೂ ಅಲ್ಲಿಂದಲೇ. ‘ಸಂ’ ಸೇರಿದರೆ ಒಟ್ಟಿಗೆ, ಚೆನ್ನಾಗಿ ನೋಡುವುದು. ನೋಡುವುದಕ್ಕೆ ಎದುರಿಗೆ ಏನಾದರೂ ಇರಬೇಕಲ್ಲ. ನಿಲ್ದಾಣದ ಮಟ್ಟಿಗೆ ಅದು ನಕ್ಷೆ, ಅದೂ ಇನ್ನೂ ತಿದ್ದಬಹುದಾದ ನಕ್ಷೆ.

ಕಾನೂನು ಬಹುತೇಕ ಕಡೆ ಆಕ್ಷೇಪಣೆಯ ಹಂತದಲ್ಲೇ ನಿಲ್ಲುತ್ತದೆ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಡಿ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಆಕ್ಷೇಪಣೆಗೆ 60 ದಿನ. ಎರಡೂ ಬೇಕಾದವೇ, ಆದರೆ ನಿಲ್ದಾಣದ ಬಾಗಿಲಿನಿಂದ ಬಸ್ಸಿಗೆ ಹೇಗೆ ನಡೆದು ಹೋಗುವುದು ಎಂಬ ಪ್ರಶ್ನೆ ಎರಡರಲ್ಲೂ ಏಳುವುದಿಲ್ಲ. ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಮೆಟ್ರೊ ನಿಲ್ದಾಣವನ್ನು ರೈಲು ನಿಲ್ದಾಣದ ಎದುರಿನಿಂದ ಬಂಬೂ ಬಜಾರಿನ ಮೈದಾನದ ಕಡೆಗೆ ಸರಿಸಿದಾಗ ನಾಗರಿಕ ಸಂಘಟನೆಗಳು ವಿರೋಧಿಸಿದವು. ಜಾಗ ಮಾತ್ರ ಬದಲಾಗಲಿಲ್ಲ. ಆಕ್ಷೇಪಣೆ ಇತ್ತು, ಒಟ್ಟಿಗೆ ಕೂತು ನೋಡಿದ್ದು ಎಲ್ಲಿ?

ಯಾವ ಹಂತದಲ್ಲಿ ಕೇಳುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಿಲ್ದಾಣದ ಜಾಗ, ದ್ವಾರಗಳ ದಿಕ್ಕು ವಿಸ್ತೃತ ಯೋಜನಾ ವರದಿಯ ಹೊತ್ತಿಗೇ ಹೆಚ್ಚುಕಡಿಮೆ ಗಟ್ಟಿಯಾಗಿರುತ್ತವೆ. ಟೆಂಡರ್ ಕರೆಯುವವರೆಗೆ ತಿದ್ದಲು ಸಿಗುವುದು ಬಸ್ ಬೇ (ಬಸ್ಸು ನಿಲ್ಲಲು ರಸ್ತೆಯ ಬದಿಗೆ ಬಿಟ್ಟ ಜಾಗ), ಆಟೊ ಸರದಿ, ಚರಂಡಿ, ಮರದ ಪಾತಿ, ರಸ್ತೆ ದಾಟುವ ಜಾಗ. ಗುತ್ತಿಗೆ ಕೊಟ್ಟ ಮೇಲೆ ಒಂದು ಕಂಬ ಸರಿಸಬೇಕೆಂದರೂ ಹೆಚ್ಚುವರಿ ವೆಚ್ಚದ ಕಡತ ಏಳಬೇಕು. ಆದ್ದರಿಂದ ಟೆಂಡರ್‌ಗೆ ಮೊದಲು 1:200 ಅಳತೆಯ ನಕ್ಷೆ (ಅದರ ಅರ್ಧ ಸೆಂ.ಮೀ. ಎಂದರೆ ನೆಲದ ಮೇಲೆ ಒಂದು ಮೀಟರ್) ಕೇಳಿ. ಬಣ್ಣದ ಕಂಪ್ಯೂಟರ್ ಚಿತ್ರ ತೋರಿಸಿದರೆ ಬೇಡವೆನ್ನಿ. ಅದರಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ.

ಒಂದು ಲೆಕ್ಕ ನೋಡಿ. ಫುಟ್‌ಪಾತ್ ರಸ್ತೆಯಿಂದ 150 ಮಿ.ಮೀ. ಎತ್ತರ, ನಡೆಯಲು 1.8 ಮೀಟರ್ ಅಗಲ: ಎರಡೂ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿಗೆ ಸರಿ. ಗಾಲಿಕುರ್ಚಿಗೆ 1:12ರ ಇಳಿಜಾರು ಬೇಕು, ಅಂದರೆ 150 ಮಿ.ಮೀ. ಇಳಿಯಲು 1.8 ಮೀಟರ್ ಉದ್ದ. ಇಳಿಜಾರನ್ನು ಅಡ್ಡಲಾಗಿ ಕೊರೆದರೆ ಫುಟ್‌ಪಾತಿನ ಇಡೀ ಅಗಲ ಅದಕ್ಕೇ ಹೋಯಿತು, ನೇರ ನಡೆಯುವವರು ಓರೆ ನೆಲದ ಮೇಲೆ. ಜಾಗ ಉಳಿಸಲು ಕಡಿದಾಗಿ ಕಟ್ಟಿದರೆ ಗಾಲಿಕುರ್ಚಿ ಏರುವುದಿಲ್ಲ. ದಾಟುವ ಜಾಗದಲ್ಲಿ ರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತುವುದು ಪರಿಹಾರ, ಆದರೆ ಆಗ ಮಳೆನೀರಿನ ಜಾಲರಿ ಅದಕ್ಕಿಂತ ಮೊದಲು, ನೀರು ಹರಿದು ಬರುವ ಬದಿಯಲ್ಲಿ ಬರಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ಕೆರೆ. ‘ಫುಟ್‌ಪಾತ್ ಸರಿ ಮಾಡಿ’ ಎಂದು ಬರೆದರೆ ಅಹವಾಲು. ‘ಪಶ್ಚಿಮ ದ್ವಾರದ ಎದುರು ಎತ್ತರಿಸಿದ ದಾಟುದಾರಿ ಕೊಡಿ, ಜಾಲರಿಯನ್ನು ನೀರು ಹರಿದು ಬರುವ ಬದಿಗೆ ಸರಿಸಿ’ ಎಂದು ನಕ್ಷೆಯ ಮೇಲೆ ಗುರುತು ಹಾಕಿ ಕೊಟ್ಟರೆ ಎಂಜಿನಿಯರ್ ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ. ಬಸ್ ಬೇ ಬಗ್ಗೆ ಅನುಮಾನವಿದ್ದರೆ ನೆಲದ ಮೇಲೆ ಸುಣ್ಣದ ಗೆರೆ ಎಳೆಸಿ. 12 ಮೀಟರ್ ಬಸ್ಸು ತಿರುಗಲು ಹೊರಸುತ್ತಿಗೆ ಸುಮಾರು 12 ಮೀಟರ್ ತ್ರಿಜ್ಯ ಬೇಕು. ಸಿಗದಿದ್ದರೆ ಬಸ್ಸು ಒಳಗೆ ಬಾರದೆ ರಸ್ತೆಯಲ್ಲೇ ನಿಲ್ಲುತ್ತದೆ.

ಕರೆಯಲು ಮರೆಯುವುದು ಸಾಮಾನ್ಯವಾಗಿ ಇಬ್ಬರನ್ನು. ಒಬ್ಬರು ಬೀದಿ ವ್ಯಾಪಾರಿಗಳು. 2014ರ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ಅವರ ಪ್ರತಿನಿಧಿಗಳೇ ಇರಬೇಕು, ಹಾಗಾಗಿ ನಿಲ್ದಾಣದ ಸಭೆಗೆ ಅವರನ್ನು ಹುಡುಕಲು ಕಷ್ಟವಿಲ್ಲ. ಇನ್ನೊಬ್ಬರು ಗೇಟಿನಾಚೆಯ ಇಲಾಖೆಗಳು. ಗೇಟಿನೊಳಗೆ ಮೆಟ್ರೊ ನಿಗಮವಾದ ಬಿಎಂಆರ್‌ಸಿಎಲ್, ಆಚೆ ರಸ್ತೆ ಪಾಲಿಕೆಯದು, ವಿದ್ಯುತ್ ಕಂಬ ಬೆಸ್ಕಾಂನದು, ಬಸ್ಸು ಬಿಎಂಟಿಸಿಯದು. ಇವರು ಒಂದೇ ಮೇಜಿನ ಸುತ್ತ ಇಲ್ಲದಿದ್ದರೆ ಅರ್ಧ ಸಲಹೆಗಳಿಗೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಕೊನೆಗೆ ಉತ್ತರದ ಪಟ್ಟಿ. ಪ್ರತಿ ಸಲಹೆಯ ಎದುರು ಒಪ್ಪಿದೆ ಅಥವಾ ಇಲ್ಲ, ಕಾರಣ, ಯಾವ ನಕ್ಷೆಯ ಯಾವ ಪರಿಷ್ಕರಣೆಯಲ್ಲಿ ಬದಲಾಯಿತು: ಇಷ್ಟೇ. ನಿರ್ಧಾರದ ಕಾರಣವನ್ನು ಬಾಧಿತರಿಗೆ ತಿಳಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಹೇಳುತ್ತದೆ, ಆದ್ದರಿಂದ ಪಟ್ಟಿ ಕೇಳುವುದು ಅಧಿಕಪ್ರಸಂಗವಲ್ಲ. ಪಟ್ಟಿ ಇಲ್ಲದ ಕಡೆ, ದಯವಿಟ್ಟು, ವರದಿಯಲ್ಲಿ ‘ಅಹವಾಲು ಆಲಿಸಲಾಯಿತು’ ಎಂದಷ್ಟೇ ಬರೆಯಿರಿ.